ಲಾರಿಗೆ ಸ್ನಾನ, ಅಪ್ಪನಿಗೆ ಬೇಡವೇ?

ಬೀದಿಯ ತುದಿಯ ಬ್ಯಾಟರಿ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿತ್ತು. ಅಂಗಳದ ಮಣ್ಣಿನಲ್ಲಿ ಮಾತ್ರ ಸೀಸದ ವಿಷ ಉಳಿದಿತ್ತು. ಈಗ ಆ ಮಣ್ಣನ್ನು ಅಗೆದು ದೂರ ಸಾಗಿಸುತ್ತಿದ್ದರು.

ಎದುರು ಮನೆಯ ಸೊಸೆಗೆ ಅಲ್ಲಿ ನಡೆಯುವುದೊಂದೂ ತಲೆಗೆ ಹತ್ತುತ್ತಿರಲಿಲ್ಲ. ಬೇಡದ ಮಣ್ಣಿಗೆ ನೀರು ಚಿಮುಕಿಸುತ್ತಾರೆ. ಗುಡ್ಡೆ ಹಾಕಿ, ಮಗುವಿಗೆ ಹೊದಿಸಿದ ಹಾಗೆ ಟಾರ್ಪಾಲು ಹೊದಿಸುತ್ತಾರೆ. ಗೇಟು ದಾಟುವ ಮೊದಲು ಲಾರಿಯ ಚಕ್ರಗಳನ್ನು ಉಜ್ಜಿ ಉಜ್ಜಿ ತೊಳೆಯುತ್ತಾರೆ.

"ಮದುಮಗನಿಗೂ ಇಷ್ಟು ಉಪಚಾರ ಇರಲ್ಲ," ಎಂದು ಅತ್ತೆ ನಗುತ್ತಿದ್ದರು.

ಅವಳ ಗಂಡನಿಗೂ ಅಲ್ಲೇ ಕೆಲಸ. ಆ ಸಂಜೆ ಅವನು ಬೂಟು ಸಮೇತ ಒಳಗೆ ಬಂದು ಕೂತ. ಅಂಬೆಗಾಲಿನ ಮಗಳು ಬೂಟು ತಡವಿ, ಬೆರಳನ್ನು ಬಾಯಿಗಿಟ್ಟುಕೊಂಡಳು. ಸೊಸೆ ಎಂದಿನಂತೆ ಬಾಗಿಲಲ್ಲಿ ಅವನ ಅಂಗಿ ಕೊಡವುತ್ತಿದ್ದಳು. ಲಸಿಕೆಯ ದಿನ ಹೇಳಲು ಬಂದ ಆರೋಗ್ಯ ಕಾರ್ಯಕರ್ತೆ ಅದನ್ನು ಕಂಡು ನಿಂತರು.

"ಕೊಡವಬೇಡಮ್ಮ. ಧೂಳು ನೆಲಕ್ಕೆ ಬೀಳುತ್ತೆ, ನೆಲದಿಂದ ಮಗು ಬಾಯಿಗೆ ಹೋಗುತ್ತೆ."

"ಮಣ್ಣು ತಿನ್ನದೆ ಬೆಳೆದ ಮಕ್ಕಳನ್ನ ಎಲ್ಲಿ ಕಂಡಿದ್ದೀಯಾ ತಾಯಿ?" ಎಂದರು ಅತ್ತೆ. "ಇವನೂ ತಿಂದವನೇ. ಗುಂಡುಕಲ್ಲಿನ ಹಾಗಿಲ್ವಾ?"

"ಆ ಮಣ್ಣೇ ಬೇರೆ ಅಮ್ಮ. ಇದರಲ್ಲಿರೋ ಸೀಸ ಕಣ್ಣಿಗೆ ಕಾಣಲ್ಲ. ಎಳೆ ಮಕ್ಕಳ ಬುದ್ಧಿ ಬೆಳೆಯೋದನ್ನೇ ತಡೆಯುತ್ತೆ."

"ಅದನ್ನೇ ತಾನೆ ನಾವು ತೆಗೀತಿರೋದು," ಎಂದ ಗಂಡ. "ತೆಗೆದ ಮೇಲೆ ಮುಗೀತಲ್ಲ."

ಸೊಸೆಗೆ ಇನ್ನಷ್ಟು ಗೊಂದಲ. ತೆಗೆದದ್ದು ಮನೆಯೊಳಗೆ ಹೇಗೆ ಬಂತು? ಬಾಗಿಲಿನಿಂದ ತೊಟ್ಟಿಲವರೆಗೂ ಮೂಡಿದ್ದ ಬೂಟಿನ ಗುರುತುಗಳನ್ನು ನೋಡಿದಳು.

"ಅಲ್ಲಾರೀ," ಎಂದಳು ಮೆಲ್ಲಗೆ, "ಮಣ್ಣು ಹೊರಗೆ ಬರಬಾರದು ಅಂತ ತಾನೆ ಲಾರಿ ತೊಳೆಯೋದು? ಮತ್ತೆ ನಿಮ್ಮನ್ನ ಹಾಗೇ ಬಿಟ್ರಾ?"

ಗಂಡ ತಲೆ ಕೆರೆದುಕೊಂಡ. "ಸ್ನಾನಕ್ಕೆ, ಬಟ್ಟೆ ಬದಲಿಸೋಕೆ ಅಲ್ಲೇ ಜಾಗ ಇದೆ. ಸರದಿ ನಿಲ್ಲೋಕೆ ಬೇಜಾರು ಅಂತ ಬಂದುಬಿಡ್ತೀನಿ."

ಅತ್ತೆ ಈ ಸಲ ನಗಲಿಲ್ಲ. ಮೊಮ್ಮಗಳನ್ನು ಎತ್ತಿಕೊಂಡು ಕೈ ತೊಳೆಸಿದರು. ಸೊಸೆ ಪೊರಕೆಗೆ ಕೈಹಾಕಿದಾಗ ಕಾರ್ಯಕರ್ತೆ ತಡೆದು, "ಗುಡಿಸಿದ್ರೆ ಧೂಳು ಏಳುತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸು. ನಾಳೆ ಮಗುವಿನ ರಕ್ತ ಪರೀಕ್ಷೆ ಮಾಡಿಸೋಣ," ಎಂದರು.

ಮರುದಿನ ರಕ್ತ ಕೊಟ್ಟು ಬಂದರು. ವರದಿ ಇನ್ನೂ ಬಂದಿರಲಿಲ್ಲ. ಸಂಜೆ ಗಂಡ ಬೇರೆ ಬಟ್ಟೆ, ಬೇರೆ ಚಪ್ಪಲಿಯಲ್ಲಿ ಬಂದ. ಆದರೂ ಅತ್ತೆ ಬಾಗಿಲಿಗೆ ಅಡ್ಡ ನಿಂತು ಕೇಳಿದರು:

"ಲಾರಿಗೆ ಸ್ನಾನ ಆಯ್ತೇನೋ?"

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಕೆಟ್ಟ ಮಣ್ಣು ತೆಗೆಯುತ್ತಿದ್ದರೆ ಮಕ್ಕಳನ್ನು ಅತ್ತ ಬಿಡಬೇಡಿ. ಟಾರ್ಪಾಲು ಸರಿದಿದ್ದರೆ, ಧೂಳು ಹಾರುತ್ತಿದ್ದರೆ ಸುಮ್ಮನಿರದೆ ಅಲ್ಲಿನ ಮೇಲ್ವಿಚಾರಕರಿಗೆ ಹೇಳಿ. ಅಲ್ಲಿ ದುಡಿಯುವವರು ಬೂಟು, ಬಟ್ಟೆ ಅಲ್ಲೇ ಬಿಟ್ಟು, ಮೈ ತೊಳೆದು ಬರಲಿ. ಮಣ್ಣಿಗೆ ಕಾಲಿಲ್ಲ. ನಮ್ಮ ಕಾಲಿನಲ್ಲೇ ಅದು ಮನೆಗೆ ಬರುವುದು.