ತಲೆಕೆಳಗಾದ ಸಂತ

"ಆ ಮೆಟ್ಟಿಲು ಬಿಟ್ಟು ಮುಂದಿನದಕ್ಕೆ ಕಾಲಿಡಿ, ಅದು ಕಿರುಗುಟ್ಟುತ್ತೆ," ಎಂದುಬಿಟ್ಟಳು ಲೊರೆಟ್ಟಾ. ಆಮೇಲೆ ನಾಲಿಗೆ ಕಚ್ಚಿಕೊಂಡಳು.

ಹಿಂದೆ ಬರುತ್ತಿದ್ದ ಗ್ರೆಗ್ ನಕ್ಕ. "ಏನ್ರೀ, ನೀವು ಮನೆ ಮಾರೋಕೆ ಬಂದೋರೋ, ಇಲ್ಲೇ ಹುಟ್ಟಿ ಬೆಳೆದೋರೋ?"

"ಇದೇ ಮನೇನ ಎಷ್ಟು ಸಲ ಮಾರಿದೀನೋ ಏನೋ. ಮೆಟ್ಟಿಲೂ ನೆಂಟರಾಗಿಬಿಟ್ಟಿವೆ," ಎಂದು ತೇಲಿಸಿದಳು.

ಅವನ ಹೆಂಡತಿ ಮರಿಸೋಲ್ ನಗಲಿಲ್ಲ. ತುಂಬಿದ ಬಸುರಿ. ಕಟಕಟೆ ಹಿಡಿದು, ಹೇಳಿದ ಮೆಟ್ಟಿಲನ್ನು ಬಿಟ್ಟು, ನಿಧಾನವಾಗಿ ಹತ್ತಿದಳು.

ಬೆಳಿಗ್ಗೆ ರೈಲು ನಿಲ್ದಾಣದಿಂದ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬರುವಾಗ ಲೊರೆಟ್ಟಾ ತನ್ನ ಎಂದಿನ ಪಾಠ ಒಪ್ಪಿಸಿದ್ದಳು. ವೆಸ್ಟ್‌ಚೆಸ್ಟರ್ ಕೌಂಟಿ ಎಂದರೆ ಹೀಗೆ: ನ್ಯೂಯಾರ್ಕಿಗೆ ರೈಲಿನಲ್ಲಿ ಒಂದು ಗಂಟೆಯೂ ಇಲ್ಲ, ಶಾಲೆಗಳ ಬಗ್ಗೆ ಎರಡು ಮಾತಿಲ್ಲ, ಹಳೆಯ ಕಲ್ಲಿನ ಗೋಡೆ, ಮೇಪಲ್ ಮರ, ಗಾಲ್ಫ್ ಮೈದಾನ, ಬಾಗಿಲಿಗೆ ಬೀಗ ಹಾಕದಿದ್ದರೂ ನಡೆಯುವ ಬೀದಿಗಳು. ಜಲಾಶಯ ಬಂದಾಗ ಕಾರು ನಿಧಾನ ಮಾಡಿ "ನೋಡಿ, ಎಂಥ ನೋಟ" ಅನ್ನುವುದು. ನಗರಕ್ಕೆ ಕುಡಿಯುವ ನೀರು ಬೇಕೆಂದು ಮುಳುಗಿಸಿದ ಹಳ್ಳಿ ಅದರಡಿಯಲ್ಲಿದೆ ಅನ್ನುವುದನ್ನು ಹೇಳಬಾರದು. "ಇಲ್ಲಿಗೆ ಜನ ಬರೋದು ಶಾಲೆಗೋಸ್ಕರ, ಬಿಟ್ಟು ಹೋಗೋದು ಮನೆ ತೆರಿಗೆ ಕಟ್ಟೋಕಾಗ್ದೆ," ಅನ್ನುವ ತಮಾಷೆ ಕೊನೆಗೆ. ಎಲ್ಲರೂ ನಗುತ್ತಾರೆ. ಗ್ರೆಗ್ ಕೂಡ ನಕ್ಕಿದ್ದ.

ಮೇಲಿನ ಚಿಕ್ಕ ಕೋಣೆಯಲ್ಲಿ ಮರಿಸೋಲ್ ಕಿಟಕಿಯ ಬಳಿ ನಿಂತಳು. "ಇಷ್ಟು ಚೆನ್ನಾಗಿದೆ. ಮತ್ತೆ ಬಂದೋರೆಲ್ಲ ಯಾಕೆ ಬಿಟ್ಟು ಹೋದ್ರು?"

ಉತ್ತರಗಳು ಲೊರೆಟ್ಟಾಳ ನಾಲಿಗೆಯ ತುದಿಯಲ್ಲೇ ಇದ್ದವು. ಒಬ್ಬರಿಗೆ ವರ್ಗವಾಯಿತು. ಒಬ್ಬರಿಗೆ ವಿಚ್ಛೇದನ. ಇನ್ನೊಬ್ಬರಿಗೆ ಈಜುಕೊಳವಿರುವ ಮನೆ ಬೇಕಾಯಿತು. ಎಲ್ಲವೂ ನಿಜವೇ.

"ನಮ್ಮಪ್ಪ ಸೈನ್ಯದಲ್ಲಿದ್ರು," ಎಂದಳು ಮರಿಸೋಲ್. "ವರ್ಷಕ್ಕೊಂದು ಊರು. ಹೆಸರು ಕಲಿಯೋದ್ರೊಳಗೆ ಗೆಳತೀರನ್ನ ಬಿಟ್ಟು ಹೋಗ್ತಿದ್ವಿ. ನನ್ನ ಮಗು ಒಂದೇ ಬಾಗಿಲಿಂದ ಶಾಲೆಗೆ ಹೋಗಿ ಅದೇ ಬಾಗಿಲಿಗೆ ವಾಪಸು ಬರಬೇಕು. ನಿಜ ಹೇಳಿ ಲೊರೆಟ್ಟಾ, ನಾವಿಲ್ಲಿ ಉಳೀತೀವಾ?"

"ಉಳೀತೀರಿ ಕಣಮ್ಮಾ. ಯಾಕೆ ಉಳಿಯಲ್ಲ?"

ಇದೇ ಮಾತನ್ನು ಹಿಂದೆ ಬಂದವರಿಗೆಲ್ಲ ನೀರು ಕುಡಿದಷ್ಟು ಸಲೀಸಾಗಿ ಹೇಳಿದ್ದಳು. ಈ ಸಲ ಹೇಳಿದವಳೇ ಮರಿಸೋಲಳ ಮುಖ ನೋಡದೆ ಕಿಟಕಿಯ ಚಿಲಕ ಸರಿಪಡಿಸತೊಡಗಿದಳು.

ಈ ಮನೆಯಲ್ಲಿ ಯಾರೂ ಯಾಕೆ ಉಳಿಯುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ಅವಳು ನಂಬಿದ್ದಳು. ಒಂದು ಕಾಲಕ್ಕೆ ಇದು ಅವಳದೇ ಮನೆ. ಗಂಡ ಜೆರೋಮ್, ಮಗ ಡೆಕ್ಲನ್. ಮಗನಿಗೆ ರಕ್ತದ ಕಾಯಿಲೆ ಹಿಡಿದು ಈ ಚಿಕ್ಕ ಕೋಣೆಯಲ್ಲೇ ಮಲಗಿದ. ಕೂಗಲು ಶಕ್ತಿಯಿಲ್ಲ. ಬೇಕಾದಾಗ ಹಾಸಿಗೆಯ ಪಕ್ಕದ, ಮನೆ ಬೆಚ್ಚಗಿಡುವ ಹಬೆ ಕೊಳವೆಗೆ ಚಮಚದಿಂದ ಬಡಿಯುತ್ತಿದ್ದ. ಸದ್ದು ಕೆಳಗೆ ಅಡುಗೆಮನೆಗೆ ಇಳಿದು ಬರುತ್ತಿತ್ತು. "ಬಂದೆ ಕಂದಾ," ಎಂದು ಲೊರೆಟ್ಟಾ ಕೈಯಲ್ಲಿದ್ದುದನ್ನು ಬಿಟ್ಟು ಓಡುತ್ತಿದ್ದಳು. ಮಗ ನಿದ್ದೆಯಲ್ಲಿದ್ದರೆ ಎಚ್ಚರವಾಗಬಾರದೆಂದು ಆ ಹಾಳು ಮೆಟ್ಟಿಲನ್ನು ದಾಟಿ ಹತ್ತುವುದು ರೂಢಿಯಾಯಿತು. ಹಿಮ ಕರಗುವ ಹೊತ್ತಿಗೆ ಹುಡುಗ ಹೋಗಿಬಿಟ್ಟ.

ಆಮೇಲೆ ಆ ಮನೆಯಲ್ಲಿ ಇರಲಾಗಲಿಲ್ಲ, ಮಾರಲೂ ಆಗಲಿಲ್ಲ. ಆಗ ಅತ್ತೆ, ಯೇಸುವಿನ ಸಾಕುತಂದೆ, ಮನೆ ಕಾಯುವ ಸಂತ ಜೋಸೆಫನ ಅಂಗೈಯಷ್ಟುದ್ದದ ಬೊಂಬೆ ತಂದು, ಅಡುಗೆಮನೆಯ ಹಿಂದೆ ಹೈಡ್ರೇಂಜಾ ಗಿಡದ ಬುಡದಲ್ಲಿ ತಲೆಕೆಳಗಾಗಿ ಹೂತಳು. ಈ ಕಡೆಯ ಕ್ಯಾಥೊಲಿಕರು ಮನೆ ಮಾರಬೇಕಾದಾಗ ಮಾಡುವುದೇ ಹಾಗೆ. ಪಾಪ, ಮೂಗಿಗೆ ಮಣ್ಣು ತುಂಬಿಕೊಂಡ ಸಂತ ತನ್ನ ಬಿಡುಗಡೆಗಾದರೂ ಗಿರಾಕಿಯನ್ನು ಕರೆತರಲೇಬೇಕು.

"ಕೆಲಸ ಆದಮೇಲೆ ಮರೀದೇ ತೆಗೆದು ಹೊಸ ಮನೇಲಿ ನಿಲ್ಲಿಸ್ಕೊಳ್ಳೇ," ಎಂದಿದ್ದಳು ಅತ್ತೆ. "ಬಿಟ್ಟು ಹೋದ್ಯೋ, ಆ ಮನೇಲಿ ಯಾರೂ ಬೇರು ಬಿಡಲ್ಲ. ಬರ್ತಾರೆ, ಹೋಗ್ತಾರೆ."

ಮನೆ ಬೇಗನೆ ಹೋಯಿತು. ಸಾಮಾನು ಸಾಗಿಸುವ ದಿನ ಬೊಂಬೆಯನ್ನು ಗಂಡ ತೆಗೆದಿದ್ದಾನೆಂದು ಅವಳು, ಹೆಂಡತಿ ತೆಗೆದಿದ್ದಾಳೆಂದು ಅವನು ಅಂದುಕೊಂಡರು. ಆ ಹೊತ್ತಿಗಾಗಲೇ ಅವರಿಬ್ಬರ ನಡುವೆ ಕೇಳಿ ಹೇಳುವ ಮಾತೇ ನಿಂತುಹೋಗಿತ್ತು. ಜೆರೋಮ್ ಫ್ಲಾರಿಡಾಕ್ಕೆ ಹೋದ. ಲೊರೆಟ್ಟಾ ಹೊಟ್ಟೆಪಾಡಿಗೆ ಮನೆ ಮಾರಿಸುವ ಏಜೆಂಟಾದಳು. ಸ್ವಲ್ಪ ಕಾಲಕ್ಕೆ ಅದೇ ಮನೆ ಮತ್ತೆ ಮಾರಾಟಕ್ಕೆ ಬಂದು, ಬೀಗದ ಕೈ ಅವಳ ಅಂಗೈಗೇ ಬಿತ್ತು.

ಅಂದು ಖಾಲಿ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಾಗ ಕೊಳವೆ ಬಡಿದುಕೊಂಡಿತು. ಟಣ್, ಟಣ್. ಕೊಳವೆಯಲ್ಲಿ ನಿಂತ ನೀರಿಗೆ ಹಬೆ ಹೊಡೆದರೆ ಹಾಗಾಗುತ್ತದೆ, ಹಳೆಯ ಮನೆಗಳಲ್ಲಿ ಇದ್ದದ್ದೇ. ಅವಳಿಗೂ ಗೊತ್ತು. ಆದರೂ "ಬಂದೆ ಕಂದಾ" ಎಂದು ಎದ್ದಳು. ಮೇಲೆ ಯಾರೂ ಇರಲಿಲ್ಲ. ಇರುವುದಿಲ್ಲವೆಂದೂ ಗೊತ್ತಿತ್ತು. ಮೆಟ್ಟಿಲು ಹತ್ತುವಷ್ಟು ಹೊತ್ತು ಮಾತ್ರ ಅವಳು ಮತ್ತೆ ತಾಯಿಯಾಗಿದ್ದಳು.

ಸಂತನ ನೆನಪಾದದ್ದು ಆವತ್ತೇ. ಅವಳು ತೆಗೆಯಲಿಲ್ಲ. ಆಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಹೋದರು, ಪ್ರತಿ ಸಲವೂ ಕೆಲವು ವಾರ ಕೀಲಿ ಅವಳ ಬಳಿಗೆ ಬಂತು. ಹೂತಿದ್ದು ಹೂತಲ್ಲೇ ಇದ್ದರೆ ಮನೆ ಮತ್ತೆ ಮತ್ತೆ ಖಾಲಿಯಾಗುತ್ತದೆ, ಮಗ ಕರೆಯುತ್ತಲೇ ಇರುತ್ತಾನೆ. ಇದು ಹುಚ್ಚು ಎಂದು ಅವಳಿಗೆ ಅನಿಸದೆ ಇರಲಿಲ್ಲ, ಬಿಡಲಂತೂ ಆಗಲಿಲ್ಲ.

ಮರಿಸೋಲ್ ಮತ್ತು ಗ್ರೆಗ್ ಮನೆಯನ್ನು ಒಪ್ಪಿದರು. ಸಹಿ ಹಾಕುವ ದಿನ ಬೆಳಿಗ್ಗೆ, ಅವರು ಕೊನೆಯದಾಗಿ ನೋಡಿಹೋಗಲು ಬರುವ ಮೊದಲೇ, ಲೊರೆಟ್ಟಾ ಹಿತ್ತಲಿನಲ್ಲಿ ಮಂಡಿಯೂರಿದ್ದಳು. ಎರಡು ರಾತ್ರಿ ನಿದ್ದೆಯಿಲ್ಲದ ಕಣ್ಣು. ಒಂದೇ ಬಾಗಿಲು ಎಂದಿದ್ದಳಲ್ಲ ಆ ಹುಡುಗಿ, ಆ ಮಾತು ಬೆನ್ನು ಬಿಟ್ಟಿರಲಿಲ್ಲ. ಸಲಿಕೆ ತರಲು ಮರೆತಿದ್ದಳು. ಕೈಚೀಲದಲ್ಲಿ ಯಾವಾಗಲೂ ಇರುವ ಚಮಚವೊಂದಿತ್ತು, ಕೊಳವೆಗೆ ಬಡಿದು ಬಡಿದು ತುದಿ ನೆಗ್ಗಿದ್ದು. ಅದರಿಂದಲೇ ಅಗೆದಳು. ಸಿಗದೇ ಹೋಗಲಿ ಎಂದು ಒಳಗೊಳಗೇ ಹರಕೆ ಹೊತ್ತುಕೊಂಡೇ ಅಗೆದಳು. ಸಿಕ್ಕಿತು. ಬಣ್ಣ ಹೋಗಿತ್ತು, ಮುಖ ಸವೆದಿತ್ತು.

"ತಪ್ಪಾಯ್ತು ನಮ್ಮಪ್ಪಾ," ಎಂದಳು. "ನಿನ್ನ ಕೆಲಸ ಎಂದೋ ಮುಗಿದಿತ್ತು. ಬಿಡದೇ ಇದ್ದೋಳು ನಾನು." ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

"ಲೊರೆಟ್ಟಾ?" ಹಿತ್ತಲ ಬಾಗಿಲಲ್ಲಿ ಮರಿಸೋಲ್. ಹಿಂದೆ ಗ್ರೆಗ್. ಮರಿಸೋಲಳ ಕಣ್ಣು ಗುಂಡಿಗೆ ಹೋಯಿತು, ಬೊಂಬೆಗೆ ಬಂತು. "ಜೋಸೆಫ್ ಸಂತ ಅಲ್ವಾ? ನಮ್ಮಜ್ಜೀನೂ ಹೂತಿದ್ರು. ಆದ್ರೆ ಈ ಮನೆ ನಿಮ್ಮದಲ್ವಲ್ಲ."

"ನಂದೇ ಆಗಿತ್ತು." ಲೊರೆಟ್ಟಾಳಿಗೆ ಇನ್ನು ಮುಚ್ಚಿಡುವ ತ್ರಾಣವಿರಲಿಲ್ಲ. "ಮೇಲಿನ ಚಿಕ್ಕ ಕೋಣೇಲಿ ನನ್ನ ಮಗ ತೀರಿಕೊಂಡ. ಅವನನ್ನ ಬಿಟ್ಟಿರೋಕಾಗ್ದೆ ಈ ಸಂತನ್ನ ಇಲ್ಲೇ ಬಿಟ್ಟಿದ್ದೆ. ಅದಕ್ಕೇ ಯಾರೂ ಉಳೀಲಿಲ್ಲ ಅಂತ ನನ್ನ ನಂಬಿಕೆ. ನೀವು ಉಳೀಬೇಕು ಅಂತ ತೆಗೆದೆ. ಇದನ್ನ ಕೇಳಿದ್ಮೇಲೆ ಬೇಡ ಅಂದ್ರೂ ಸರಿ, ಸಹಿಯಂತೂ ಇನ್ನೂ ಆಗಿಲ್ಲ."

ಗ್ರೆಗ್ ಹೆಂಡತಿಯ ಮುಖ ನೋಡಿದ. ಮರಿಸೋಲ್ ಹೊಟ್ಟೆಯ ಮೇಲೆ ಕೈಯಿಟ್ಟು ತಲೆಯೆತ್ತಿ ಮೇಲಿನ ಕೋಣೆಯ ಕಡೆ ನೋಡಿದಳು. ಆಮೇಲೆ ಲೊರೆಟ್ಟಾಳ ತೋಳು ಹಿಡಿದು ಎಬ್ಬಿಸಿ, ಅಡುಗೆಮನೆಯೊಳಗೆ ಕರೆತಂದು, ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದಳು.

"ಹೆಸರೇನು ಅವನದು?"

"ಡೆಕ್ಲನ್."

ಮರಿಸೋಲ್ ಸಂತನ ಮುಖದ ಮಣ್ಣನ್ನು ನಲ್ಲಿಯಲ್ಲಿ ತೊಳೆದು ಅವಳ ಕೈಗಿಡುತ್ತಿದ್ದಾಗ ನೆಲಮಾಳಿಗೆಯಲ್ಲಿ ಬಾಯ್ಲರ್ ಗುರುಗುಟ್ಟಿತು. ಸ್ವಲ್ಪ ಹೊತ್ತಿಗೆ ಮೇಲೆ ಟಣ್, ಟಣ್. ಲೊರೆಟ್ಟಾ ಅಭ್ಯಾಸಬಲದಿಂದ ಎದ್ದುನಿಂತಳು. "ಬಂದೆ" ಅನ್ನುವುದು ತುಟಿಯವರೆಗೆ ಬಂದಿತ್ತು.

ಮರಿಸೋಲ್ ಅವಳ ಭುಜದ ಮೇಲೆ ಕೈಯಿಟ್ಟಳು. "ನೀವು ಕೂತ್ಕೊಳ್ಳಿ. ನಾನು ನೋಡ್ಕೊಂಡು ಬರ್ತೀನಿ."

ಒದ್ದೆ ಬೊಂಬೆಯನ್ನು ಎರಡೂ ಕೈಯಲ್ಲಿ ಹಿಡಿದು ಲೊರೆಟ್ಟಾ ಕಿವಿಗೊಟ್ಟಳು. ಭಾರವಾದ ಹೆಜ್ಜೆಗಳು ಒಂದೊಂದಾಗಿ ಮೆಟ್ಟಿಲು ಹತ್ತುತ್ತಿದ್ದವು. ಆ ಮೆಟ್ಟಿಲು ಬರಬೇಕಾದಲ್ಲಿ ಅವು ಒಂದು ಗಳಿಗೆ ತಡೆದು, ಅದನ್ನು ಬಿಟ್ಟು, ಸದ್ದಿಲ್ಲದೆ ಮುಂದಿನದಕ್ಕೆ ಹೋದವು.