ತಟ್ಟೆಯ ಕೆಳಗಿನ ಚೀಟಿ

ನಮ್ಮೂರಿನಲ್ಲಿ ಮಾಟಗಾತಿ ಎಂದರೆ ಯಾರೂ ಬೆಚ್ಚುವುದಿಲ್ಲ. ನಾನೇ ಒಬ್ಬಳು. ಪೊರಕೆಯ ಮೇಲೆ ಹಾರಲು ಬರುವುದಿದ್ದರೆ ಈ ಚಳಿಯಲ್ಲಿ ಬಾಡ್ಮಿನ್ ಪೇಟೆಗೆ ಹೋಗುವ ಬಸ್ಸಿಗೆ ಅರ್ಧ ಗಂಟೆ ಯಾಕೆ ಕಾಯುತ್ತಿದ್ದೆ? ಕೆಮ್ಮಿಗೆ ಎಲ್ಡರ್ ಹಣ್ಣಿನ ಪಾಕ, ಉಳುಕಿಗೆ ಮುಲಾಮು, ನಿದ್ದೆ ಬಾರದವರಿಗೆ ದಿಂಬಿನೊಳಗೆ ಹಾಪ್ಸ್ ಹೂವು, ವರ್ಷಕ್ಕೆ ಎಂಟು ಹಬ್ಬ. ಅಷ್ಟೇ ನಮ್ಮ ಮಾಟ.

ಇದನ್ನೆಲ್ಲ ಕಲಿಸಿದವಳು ಹೆಪ್ಸಿ ಅಜ್ಜಿ. ಹದಿನೇಳನೆಯ ವಯಸ್ಸಿನಲ್ಲಿ ಮಲತಂದೆಯ ಬೆಲ್ಟಿಗೆ ಹೆದರಿ ಕ್ಯಾಂಬೋರ್ನಿನಿಂದ ಓಡಿಬಂದ ನನ್ನನ್ನು ಅವಳು ಏನೂ ಕೇಳಲಿಲ್ಲ. ಅಡುಗೆಮನೆಯ ಮೇಲಿನ ಅಟ್ಟ ತೋರಿಸಿ, ಬೆಳಗ್ಗೆ ಬೇಗ ಏಳಬೇಕು ಎಂದಳು. ಆ ಅಡುಗೆಮನೆಯ ಆಗಿನ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ: ಜೇನುಮೇಣ, ಸುಟ್ಟ ಹಾಲು, ತೊಲೆಗೆ ತೂಗುಬಿಟ್ಟ ಒಣ ಮಗ್‌ವರ್ಟ್ ಸೊಪ್ಪು, ಒಲೆಯ ಪಕ್ಕ ಮಲಗಿದ ಒದ್ದೆ ನಾಯಿ. ಅಂಥ ಸುಖವನ್ನು ನಾನು ಮತ್ತೆ ಕಂಡಿಲ್ಲ.

ಅಜ್ಜಿಯ ಬಳಿ ಕಲಿಯುತ್ತಿದ್ದವರು ನಾವಿಬ್ಬರು, ನಾನು ಮತ್ತು ಕೆರೆನ್ಸಾ. ಅವಳು ಕೆಳಗಿನ ಬೀದಿಯ ಬಡಗಿಯ ಮಗಳು, ನನಗಿಂತ ಒಂದು ವರ್ಷ ದೊಡ್ಡವಳು, ಬಾಯಿ ನನಗಿಂತ ಹತ್ತು ವರ್ಷ ದೊಡ್ಡದು. ಮೇ ಹಬ್ಬದ ಮುಂಜಾನೆ ಇಬ್ಬರೂ ಹಾಥಾರ್ನ್ ಹೂವಿನ ಇಬ್ಬನಿಯಲ್ಲಿ ಮುಖ ತೊಳೆದು, ಯಾರ ಮುಖ ಹೆಚ್ಚು ಹೊಳೆಯುತ್ತದೆಂದು ಜಗಳವಾಡುತ್ತಿದ್ದೆವು. ಕಲಿಕೆ ಮುಗಿದಾಗ ಅಜ್ಜಿ ಮದ್ದು, ಹಾಡು ಎಲ್ಲ ಬರೆದಿಟ್ಟ ತನ್ನ ಪುಸ್ತಕವನ್ನು ಬಿಚ್ಚಿಡುತ್ತಾಳೆ, ನಾವು ಅದನ್ನು ಕೈಯಾರೆ ನಕಲು ಮಾಡಿಕೊಳ್ಳಬೇಕು. ಅವಳು ಸತ್ತ ದಿನ ಮೂಲಪುಸ್ತಕವನ್ನು ಸುಡಬೇಕು. ನಮ್ಮಲ್ಲಿ ಅದೇ ಕಟ್ಟಳೆ.

ನಕಲು ಮಾಡುವ ದಿನಕ್ಕೆ ಎರಡು ವಾರವಿದ್ದಾಗ ಅದು ನಡೆಯಿತು. ನನಗಾಗ ಇಪ್ಪತ್ತೆರಡು.

ಮೂಳೆಸೊಪ್ಪು ಎಂದು ನಾವು ಕರೆಯುವ ಕಾಂಫ್ರಿ ಎಲೆಯನ್ನು ಆಗೆಲ್ಲ ಕುದಿಸಿ ಕುಡಿಯುತ್ತಿದ್ದರು. ಈಗ ಯಾರೂ ಕುಡಿಯುವುದಿಲ್ಲ, ಮೈಗೆ ಹಚ್ಚುತ್ತೇವೆ ಅಷ್ಟೇ. ಹೂ ಬಿಡುವ ಮೊದಲು ಅದಕ್ಕೂ ಫಾಕ್ಸ್‌ಗ್ಲೋವ್ ಎಂಬ ವಿಷದ ಗಿಡಕ್ಕೂ ಮೇಲುನೋಟಕ್ಕೆ ಅಕ್ಕತಂಗಿಯರ ಹೋಲಿಕೆ. ಎಲೆಯನ್ನು ಬೆರಳಲ್ಲಿ ಉಜ್ಜಿ ನೋಡದೆ ಬುಟ್ಟಿಗೆ ಹಾಕಬಾರದು ಎಂದು ಅಜ್ಜಿ ನೂರು ಸಲ ಹೇಳಿದ್ದಳು. ಅವತ್ತು ಸಂಜೆ ಮಳೆ ಬರುವಂತಿತ್ತು. ಬೇಲಿಯ ಬುಡದ ಕತ್ತಲೆಯಲ್ಲಿ ಕೊನೆಯ ಒಂದು ಹಿಡಿ ಸೊಪ್ಪನ್ನು ನಾನು ಉಜ್ಜಿ ನೋಡದೆ ಕಿತ್ತೆ. ಅವಸರ. ಬೇರೆ ಕಾರಣವಿಲ್ಲ.

ಮರುದಿನ ಅಜ್ಜಿ ಆ ಕಷಾಯ ಕುಡಿದು ವಾಂತಿ ಮಾಡಿದಳು. ಗೋಡೆ, ಹಾಸಿಗೆ, ನಮ್ಮ ಮುಖ ಎಲ್ಲವೂ ಹಳದಿಯಾಗಿ ಕಾಣುತ್ತಿದೆ ಎಂದಳು. ಐದು ದಿನ ಆಸ್ಪತ್ರೆಯಲ್ಲಿದ್ದು, ಬದುಕಿ ಬಂದು, ಒಲೆಯ ಮುಂದೆ ಕುಳಿತು ಕೇಳಿದ್ದು ಒಂದೇ ಪ್ರಶ್ನೆ: ಆ ಎಲೆ ಯಾರ ಬುಟ್ಟಿಯದು?

ನಾನು ಬಗ್ಗಿ ಒಲೆಯ ಬೂದಿ ಕೆದಕತೊಡಗಿದೆ. ಕೆರೆನ್ಸಾ, "ನಂದು ಅಜ್ಜಿ" ಎಂದುಬಿಟ್ಟಳು.

ಎಲೆ ಗುರುತಿಸಲಾಗದವಳಿಗೆ ಈ ಒಲೆಯ ಮುಂದೆ ಜಾಗವಿಲ್ಲ ಎಂದು ಅಜ್ಜಿ ತೀರ್ಪು ಕೊಟ್ಟಳು. ಕೆರೆನ್ಸಾ ಏಪ್ರನ್ ಬಿಚ್ಚಿ ಮೊಳೆಗೆ ಸಿಕ್ಕಿಸಿ ಹೊರಟುಹೋದಳು. ಪುಸ್ತಕ ನಕಲು ಮಾಡಿಕೊಂಡವಳು ನಾನೊಬ್ಬಳೇ. ಅವಳೂ ಸೊಪ್ಪಿಗೆ ಹೋಗಿದ್ದಳಲ್ಲ, ಅವಳದೂ ನನ್ನದೂ ಬೆರೆತಿರಬೇಕು, ಅವಳಿಗೂ ತನ್ನದೇ ಇರಬಹುದೆಂಬ ಅನುಮಾನ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಉಂಟು. ನಾನು ಹೆಗಲನ್ನೇ ಮುಚ್ಚಿಕೊಂಡು ಕೂತೆ, ಮೂವತ್ತನಾಲ್ಕು ವರ್ಷ.

ಅಜ್ಜಿ ಸತ್ತು ಈಗ ಇಪ್ಪತ್ತು ವರ್ಷ, ಅವಳ ಮನೆಯಲ್ಲಿ ನಾನೇ ಇದ್ದೇನೆ. ಅಕ್ಟೋಬರಿನ ಕೊನೆಯ ದಿನ ನಮಗೆ ಅಲನ್ ಹಬ್ಬ, ತೀರಿಕೊಂಡವರು ಮನೆಗೆ ಬರುವ ದಿನ. ಬೇಕಾದವರಿಗೆ ಕೆಂಪು ಸೇಬನ್ನು ಉಜ್ಜಿ ಹೊಳಪಿಸಿ ಕೊಡುತ್ತೇವೆ. ಹೊತ್ತು ಮುಳುಗುತ್ತಲೇ ಮೌನದೂಟ. ಕೈಗಂಟೆ ಬಾರಿಸಿದರೆ ಶುರು, ಮತ್ತೆ ಬಾರಿಸುವವರೆಗೆ ಯಾರೂ ತುಟಿ ಬಿಚ್ಚುವಂತಿಲ್ಲ. ಊಟವೂ ತಿರುವುಮುರುವು: ಮೊದಲು ಕೇಸರಿ ಬನ್ನು, ಕೊನೆಗೆ ಸೂಪು. ಮೇಜಿನ ತುದಿಯಲ್ಲಿ ಸತ್ತವರಿಗೊಂದು ಕುರ್ಚಿ, ಒಂದು ತಟ್ಟೆ. ಅವರಿಗೆ ಹೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದು ಆ ತಟ್ಟೆಯ ಕೆಳಗಿಟ್ಟರೆ, ಕೊನೆಯಲ್ಲಿ ಯಾರೂ ಓದದೆ ಒಲೆಗೆ ಹಾಕುತ್ತೇವೆ. ಇಪ್ಪತ್ತು ವರ್ಷವೂ ನಾನು ಬರೆದದ್ದು ಒಂದೇ ಮಾತು. 'ಆ ಎಲೆ ನನ್ನದು.'

ಈ ವರ್ಷವೂ ಅದನ್ನೇ ಬರೆದು ಜೇಬಿನಲ್ಲಿಟ್ಟುಕೊಂಡಿದ್ದೆ. ನಮ್ಮ ನಾಲ್ವರು ಮಾಟಗಾತಿಯರ ಗುಂಪಿನ ಕಿರಿಯವಳು ಬ್ರಯೋನಿ, ಹಗಲು ನರ್ಸು, ಬಾಗಿಲಲ್ಲೇ ಸಂಭ್ರಮದಿಂದ ಹೇಳಿದಳು: ಪ್ಲಿಮತ್‌ನಲ್ಲಿ ಬಸ್ಸು ಓಡಿಸುತ್ತಿದ್ದ ಒಬ್ಬರು ನಿವೃತ್ತರಾಗಿ ತಂಗಿಯ ಮನೆಗೆ ಬಂದಿದ್ದಾರೆ, ಹಿಂದೆ ಇದೇ ಮನೆಯಲ್ಲಿ ಕಲಿಯುತ್ತಿದ್ದರಂತೆ, ಊಟಕ್ಕೆ ಕರೆದಿದ್ದೇನೆ. ಅವಳ ಹಿಂದೆ ಕೆರೆನ್ಸಾ ನಿಂತಿದ್ದಳು. ತಲೆ ನೆರೆತಿತ್ತು, ಕನ್ನಡಕ ದಾರದಲ್ಲಿ ತೂಗುತ್ತಿತ್ತು. ಅವಳು ನನ್ನನ್ನಲ್ಲ, ಏಪ್ರನ್ ಸಿಕ್ಕಿಸಿದ್ದ ಆ ಮೊಳೆಯನ್ನು ನೋಡುತ್ತಿದ್ದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಬ್ರಯೋನಿ ಗಂಟೆ ಬಾರಿಸಿಬಿಟ್ಟಳು.

ಬನ್ನು ಗಂಟಲಲ್ಲಿ ಬಿಸಿತುಪ್ಪವಾಯಿತು, ನುಂಗಲೂ ಆಗದು ಉಗುಳಲೂ ಆಗದು. ಐದು ಜನ, ಚಮಚದ ಸದ್ದು, ಒಲೆಯ ಚಟಪಟ. ಚೀಟಿ ಇಡುವ ಹೊತ್ತಿಗೆ ಎದ್ದು ಅಜ್ಜಿಯ ತಟ್ಟೆಯ ಕಡೆ ನಡೆದೆ. ನಡೆಯುತ್ತಾ ನನ್ನ ಮೇಲೇ ನನಗೆ ಕೋಪ ಬಂತು. ಇಪ್ಪತ್ತು ಸಲ ಹೇಳಿದ್ದೇನೆ, ಸತ್ತವಳು ಒಮ್ಮೆಯೂ ಬೈದಿಲ್ಲ. ಬೈಯದವರ ಮುಂದೆ ತಪ್ಪೊಪ್ಪಿಕೊಳ್ಳುವುದು ಎಂಥ ದೊಡ್ಡಸ್ತಿಕೆ? ಕೆರೆನ್ಸಾಳ ಕುರ್ಚಿಯ ಬಳಿ ನಿಂತು, ಚೀಟಿಯನ್ನು ಅವಳ ತಟ್ಟೆಯ ಕೆಳಗೆ ತುರುಕಿದೆ.

ಬ್ರಯೋನಿಯ ಚಮಚ ಗಾಳಿಯಲ್ಲೇ ನಿಂತಿತು. ಬದುಕಿದವರ ತಟ್ಟೆಯ ಕೆಳಗೆ ಚೀಟಿ ಇಡುವುದೆಂದರೆ ಅವರಿಗೆ ಸಾವು ಬಯಸಿದಂತೆ. ನಮ್ಮಲ್ಲಿ ಮಕ್ಕಳೂ ತಮಾಷೆಗೂ ಅದನ್ನು ಮಾಡುವುದಿಲ್ಲ.

ಕೆರೆನ್ಸಾ ತಟ್ಟೆ ಎತ್ತಿದಳು, ಕನ್ನಡಕ ಏರಿಸಿದಳು, ಓದಿದಳು. ಚೀಟಿ ಮಡಚಿ ಸ್ವೆಟರಿನ ಜೇಬಿಗೆ ಹಾಕಿಕೊಂಡಳು. ಆಮೇಲೆ ಸೂಪು ಕುಡಿಯಲು ಶುರುಮಾಡಿದಳು. ಅಷ್ಟು ನಿಧಾನವಾಗಿ ಯಾರೂ ಸೂಪು ಕುಡಿದದ್ದನ್ನು ನಾನು ಕಂಡಿಲ್ಲ. ನಾನು ನನ್ನ ಕುರ್ಚಿಗೆ ಮರಳಿ ಕೂತೆ. ಕೊನೆಗೂ ಬ್ರಯೋನಿ ಗಂಟೆ ಬಾರಿಸಿದಳು.

"ಉಪ್ಪು ಜಾಸ್ತಿ," ಎಂದಳು ಕೆರೆನ್ಸಾ. "ಬಂದ ದಿನಾನೇ ನನ್ನ ಸಾಯಿಸಿಬಿಟ್ಯಲ್ಲೇ ಟ್ರಿಫಿ."

ತಪ್ಪಾಯ್ತು ಎಂದೆ. ಆ ಎಲೆ ನಿಜವಾಗಿ ನನ್ನದೇ ಎಂದು ಇನ್ನೊಮ್ಮೆ ಹೇಳಿದೆ.

"ಅದು ಹೊಸಾ ಸುದ್ದಿ ಏನಲ್ಲ. ಅವತ್ತು ನಾನು ಒಂದು ಎಲೆನೂ ಕಿತ್ತಿರ್ಲಿಲ್ಲ. ಹಾಲಿನ ಡೇರಿ ಹುಡುಗನ ಜೊತೆ ಹೊಳೆ ದಂಡೇಲಿ ಹರಟೆ ಹೊಡೀತಾ ಕೂತಿದ್ದೆ. ಬುಟ್ಟಿ ಖಾಲಿ."

"ಮತ್ತೆ ಯಾಕೆ ನಂದು ಅಂದೆ?"

"ನಿನ್ನ ಓಡಿಸಿದ್ರೆ ನೀನೆಲ್ಲಿಗೆ ಹೋಗ್ತಿದ್ದೆ, ಆ ಬೆಲ್ಟಿನ ಮನೆಗಾ? ನಂಗೆ ಹೋಗೋಕೆ ಮನೆ ಇತ್ತು." ಅವಳು ಚಮಚವನ್ನು ತಟ್ಟೆಯ ಮೇಲೆ ನೆಟ್ಟಗೆ ಇಟ್ಟಳು. "ಒಂದು ವಾರದಲ್ಲಿ ಬಾಯಿ ಬಿಡ್ತೀಯ ಅಂದ್ಕೊಂಡಿದ್ದೆ. ಒಂದೇ ವಾರ ಕಣೇ."

ಅಳು ಬಂತು, ಎಲ್ಲರ ಮುಂದೆ ಅತ್ತೆ. ನಾಚಿಕೆಯಿಂದ ಅತ್ತೆ, ಅವಳು ಎದುರಿಗಿದ್ದಾಳೆಂಬ ಖುಷಿಗೂ ಅತ್ತೆ. ಅವಳು ಸಮಾಧಾನ ಹೇಳಲಿಲ್ಲ. ಕ್ಷಮಿಸೋದು ಗಿಮಿಸೋದು ತನಗೆ ಬರುವುದಿಲ್ಲ, ನಾಳೆ ಬೆಳಗ್ಗೆ ಬರುತ್ತೇನೆ, ಪುಸ್ತಕ ತೆಗೆದಿಡು ಎಂದು ಹೇಳಿ ಕೋಟು ಹಾಕಿಕೊಂಡು ಹೋದಳು.

ಬೆಳಗ್ಗೆ ಶಾಲೆ ಮಕ್ಕಳ ನೋಟ್‌ಬುಕ್ಕು, ಎರಡು ಪೆನ್ನು ಹಿಡಿದು ಬಂದಳು. ಹಳೆಯ ಜಾಗದಲ್ಲೇ, ಒಲೆಗೆ ಬೆನ್ನು ಮಾಡಿ ಕುಳಿತಳು. ನಾನು ಓದಿದೆ, ಅವಳು ಬರೆದುಕೊಂಡಳು. ಕೆಮ್ಮಿನ ಪಾಕ ಬಂತು, ಹೆರಿಗೆಯ ಎಣ್ಣೆ ಬಂತು, ಸೇಬಿನ ಮರಕ್ಕೆ ಹಾಡುವ ಪದ ಬಂತು. ನಡುನಡುವೆ ಅಜ್ಜಿಯ ಗೊರಕೆಯನ್ನು ನೆನೆದು ನಕ್ಕೆವು. ಮಧ್ಯಾಹ್ನದ ಹೊತ್ತಿಗೆ ಒಂದು ಪುಟ ತಿರುವಿ ನಾನು ಓದುವುದನ್ನು ನಿಲ್ಲಿಸಿದೆ.

ಅವಳು ಕತ್ತು ಚಾಚಿ ನೋಡಿದಳು. ಮೇಲೆ 'ಮೂಳೆಸೊಪ್ಪು' ಎಂದಷ್ಟೇ ಇತ್ತು. ಕೆಳಗೆ ಖಾಲಿ. ನಕಲು ಮಾಡುವಾಗ ಆ ಒಂದು ಪುಟವನ್ನು ಬರೆಯಲು ನನ್ನ ಕೈ ಒಪ್ಪಿರಲಿಲ್ಲ. ಮೂಲಪುಸ್ತಕ ಅಜ್ಜಿಯ ಜೊತೆ ಬೂದಿಯಾಗಿತ್ತು. ಇಷ್ಟು ವರ್ಷ ಆ ಮುಲಾಮನ್ನು ನಾನು ಅಂದಾಜಿನಲ್ಲೇ ಕಾಸುತ್ತಿದ್ದೆ.

ಕೆರೆನ್ಸಾ ತನ್ನ ಪೆನ್ನನ್ನು ನನ್ನ ಕಡೆ ತಳ್ಳಿದಳು.

"ಬರ್ಕೋ," ಎಂದಳು. "ಮೊದಲು ಎಲೆನ ಬೆರಳಲ್ಲಿ ಉಜ್ಜಿ ನೋಡು. ಮುಳ್ಳುಮುಳ್ಳಾಗಿ ಚುಚ್ಚಿದ್ರೆ ಬುಟ್ಟಿಗೆ ಹಾಕು. ಮಕಮಲ್ಲಿನ ಹಾಗೆ ಮೆತ್ತಗಿದ್ರೆ ಬಿಟ್ಟುಬಿಡು."

ಅಜ್ಜಿಯ ಮಾತು, ಅಕ್ಷರವೂ ತಪ್ಪಿರಲಿಲ್ಲ. ನಾನು ಗಬಗಬನೆ ಗೀಚತೊಡಗಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ನಿಧಾನಕ್ಕೆ ಬರಿಯೇ. ಈಗೇನು ಮಳೆ ಬರ್ತಿಲ್ಲ."