ಚೀಲದೊಳಗಿನ ಮೂರನೆಯ ಬಿಳಿ ಗುಂಡಿ

ನಾನು ನಾಣ್ಯ ಚಿಮ್ಮಿದರೆ ಅದು ಗಾಳಿಯಲ್ಲೇ ನಿಂತು, "ಯಾವ ಮಗ್ಗುಲಿಗೆ ಬೀಳಲಿ, ಧಣೀ?" ಎಂದು ನನ್ನನ್ನು ಕೇಳಿಯೇ ಕೆಳಗೆ ಬೀಳುತ್ತದೆ. ಒಮ್ಮೆ ಕೂತಲ್ಲೇ ಏಳುನೂರು ಸಲ ಬರೀ ತಲೆಯನ್ನೇ ಬೀಳಿಸಿದ್ದೆ. ಎಂಟುನೂರೂ ಆಗುತ್ತಿತ್ತು, ಅಷ್ಟರಲ್ಲಿ ಊಟಕ್ಕೆ ಕರೆದರು.

ಇಂಥ ನನಗೆ ಸಂಭವನೀಯತೆಯ ಪರೀಕ್ಷೆ ಯಾವ ಗಿಡದ ತಪ್ಪಲು? ನಮ್ಮ ಬಲ್ಬ್ ಕಾರ್ಖಾನೆಯಲ್ಲಿ ತಪಾಸಣೆ ಮೇಲ್ವಿಚಾರಕನ ಕುರ್ಚಿ ಖಾಲಿಯಾಗಿತ್ತು. ಸಾವಿರ ಬಲ್ಬುಗಳಲ್ಲಿ ಹತ್ತನ್ನು ಎತ್ತಿ, ಉರಿಸಿ ನೋಡಿ, ಅಷ್ಟರ ಹಣೆಬರಹವನ್ನೂ ಹೇಳುವ ಕೆಲಸ. ಸೋಮವಾರ ಅದಕ್ಕೆ ಪರೀಕ್ಷೆ. ಅರ್ಜಿ ಹಾಕಿದವರು ಇಬ್ಬರೇ: ನಾನು, ನನ್ನ ಷಡ್ಡಕ. ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ. ಅತ್ತೆಯ ಮನೆಯ ಮಹಡಿಯಲ್ಲಿ ನಾವು, ಕೆಳಗೆ ಅವರು. ನಡುವೆ ಹದಿನಾಲ್ಕು ಮೆಟ್ಟಿಲು ಮತ್ತು ನನ್ನ ಹೊಟ್ಟೆಕಿಚ್ಚು. ಆ ಕಿಚ್ಚಿಗೊಂದು ತಂತಿ ಸಿಕ್ಕಿಸಿದ್ದರೆ ಕಾರ್ಖಾನೆಯ ಅಷ್ಟೂ ಬಲ್ಬು ಹತ್ತಿಕೊಳ್ಳುತ್ತಿದ್ದವು.

ಅತ್ತೆ ಬಟ್ಟೆ ಹೊಲಿಯುವವರು. ಕೆಳಗಿನ ಕಿಟಕಿಯ ಬಳಿ ಅವರ ಮೆಷಿನ್ನು ನಾನು ಪುಸ್ತಕ ಹಿಡಿದಾಗ ರೈಲಿನಂತೆ ಓಡುತ್ತಿತ್ತು. ಅವನು ಹಿಡಿದನೋ, ತಟ್ಟನೆ ನಿಲ್ಲುತ್ತಿತ್ತು. "ಶ್! ಚಿಕ್ಕಳಿಯಂದ್ರು ಲೆಕ್ಕ ಮಾಡ್ತಿದ್ದಾರೆ." ನಾನೇನು ಕುಣಿಯುತ್ತಿದ್ದೆನೆ?

ಆ ಭಾನುವಾರದ ಲೆಕ್ಕ ಹೀಗಿತ್ತು: ಚೀಲದಲ್ಲಿ ಮೂರು ಕಪ್ಪು, ಎರಡು ಬಿಳಿ ಗುಂಡಿಗಳಿವೆ. ನೋಡದೆ ಎರಡನ್ನು ತೆಗೆದರೆ ಎರಡೂ ಬಿಳಿಯಾಗಿರುವ ಸಂಭವನೀಯತೆ ಎಷ್ಟು? ಷಡ್ಡಕ ಪೆನ್ಸಿಲು ಕಚ್ಚಿ ಬರೆದ: ಮೊದಲು ಐದರಲ್ಲಿ ಎರಡು, ಒಂದು ಹೋದ ಮೇಲೆ ನಾಲ್ಕರಲ್ಲಿ ಒಂದು, ಗುಣಿಸಿದರೆ ಹತ್ತರಲ್ಲಿ ಒಂದು. ಹಳೆಯ ಪುಸ್ತಕ, ಉತ್ತರಗಳ ಹಾಳೆ ಹರಿದುಹೋಗಿತ್ತು. "ತೆಗೆದೇ ನೋಡಿಬಿಡ್ತೀನಿ" ಎಂದ. ಅತ್ತೆ ತಮ್ಮ ಡಬ್ಬಿಯಿಂದ ಐದು ಗುಂಡಿ ಆರಿಸಿ, ಅವಕ್ಕೊಂದು ಪುಟ್ಟ ಚೀಲವನ್ನೇ ಹೊಲಿದು ಕೊಟ್ಟರು. ನನ್ನ ಒಂದು ಕಾಲರಿಗೆ ಮೂರು ವಾರ ಸತಾಯಿಸಿದ ಕೈ ಅದು!

ಅವನು ನೀರು ಕುಡಿಯಲು ಎದ್ದ, ಅತ್ತೆ ಮತ್ತೆ ಮೆಷಿನ್ನಿಗೆ ಬಗ್ಗಿದರು. ಎದುರಿಗೇ ಕೂತಿದ್ದ ನಾನು ಚೀಲದಿಂದ ಒಂದು ಕಪ್ಪು ಗುಂಡಿ ತೆಗೆದು ಒಂದು ಬಿಳಿಯದನ್ನು ಹಾಕಿದೆ. ಎಂಥ ಕೈಚಳಕವೆಂದರೆ, ಬಲಗೈ ಮಾಡಿದ್ದು ನನ್ನ ಎಡಗೈಗೇ ತಿಳಿಯಲಿಲ್ಲ. ಬಿಳಿ ಗುಂಡಿ ಎಲ್ಲಿಂದ ಬಂತು ಎಂದು ಮಾತ್ರ ಕೇಳಬೇಡಿ.

ಅವನು ನೂರು ಸಲ ತೆಗೆದ. ಎರಡು ತೆಗೆಯುವುದು, ಬಣ್ಣ ನೋಡಿ ಗೀಟು ಹಾಕುವುದು, ಮತ್ತೆ ಚೀಲಕ್ಕೆ. ಐದನ್ನೂ ಒಮ್ಮೆ ಸುರಿದು ನೋಡೋಣ ಎಂದು ಅವನಿಗೆ ಹೊಳೆಯಲೇ ಇಲ್ಲ. ಹತ್ತನ್ನು ನೋಡಿ ಸಾವಿರದ ಹಣೆಬರಹ ಹೇಳುವವರ ಚಾಳಿಯೇ ಅದು. ಹತ್ತು ಸಲ ಬರಬೇಕಿದ್ದ ಬಿಳಿ ಜೋಡಿ ಇಪ್ಪತ್ತೊಂಬತ್ತು ಸಲ ಬಂತು. ಅವನ ಮುಖ ಸುಟ್ಟ ಬಲ್ಬಿನಂತೆ ಕಪ್ಪಿಟ್ಟಿತು.

"ಅಣ್ಣ, ಇದು ನನ್ನ ತಲೆಗೆ ಹತ್ತೋದಲ್ಲ. ನಾಳೆ ನೀವೇ ಹೋಗ್ಬನ್ನಿ. ನಾನು ಬರಲ್ಲ."

"ಛೆ, ಹಾಗನ್ಬೇಡಪ್ಪಾ," ಎಂದೆ. ಒಳಗೆ ಡೋಲು ಮೊಳಗುತ್ತಿತ್ತು. "ಆದ್ರೂ ಎಲ್ಲಾ ಎಲ್ರಿಗೂ ಬರುತ್ತಾ, ಹೇಳು?"

ಮೆಷಿನ್ನು ನಿಂತಿತು.

"ಲೆಕ್ಕ ಇನ್ನೊಂದ್ಸಲ ನೋಡಿದ್ರಾ?" ಅತ್ತೆ ಕೇಳಿದರು.

"ನಾಲ್ಕು ಸಲ ನೋಡ್ದೆ ಅತ್ತೆ. ಹತ್ತರಲ್ಲಿ ಒಂದೇ ಬರುತ್ತೆ."

"ಅಳತೆ ಸರಿಯಿದ್ದೂ ಅಂಗಿ ಬಿಗಿಯಾದ್ರೆ ನಾನು ಬಟ್ಟೆ ನೋಡ್ತೀನಿ, ಅಳತೆ ಚೀಟಿ ಹರಿದು ಹಾಕಲ್ಲ. ಕೊಡಿ ಇಲ್ಲಿ ಆ ಚೀಲ."

ಸುರಿದರು. ಎರಡು ಕಪ್ಪು, ಮೂರು ಬಿಳಿ.

"ನಾನು ಕೊಟ್ಟ ಬಿಳಿ ಗುಂಡಿಗೆ ಎರಡೆರಡೇ ತೂತು. ಇದಕ್ಕೆ ನಾಲ್ಕಿದೆ, ದಾರ ಬೇರೆ ನೇತಾಡ್ತಿದೆ. ಯಾರದೋ ಅಂಗಿಯಿಂದ ಕಿತ್ತಿದ್ದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ಹೊಟ್ಟೆ ಮುಟ್ಟಿಕೊಂಡಿತು. ಅಲ್ಲಿ ಗುಂಡಿ ಇರಲಿಲ್ಲ, ಬನಿಯನ್ನು ಇಣುಕುತ್ತಿತ್ತು.

"ದೊಡ್ಡಳಿಯಂದ್ರೇ," ಎಂದರು ಅತ್ತೆ, "ಹೊಟ್ಟೆಕಿಚ್ಚಿಗೆ ಗಾಳಿ ಸಾಲದು ಅಂತ ಕಿಟಕಿ ಇಟ್ಕೊಂಡ್ರಾ?"

ಷಡ್ಡಕ ನನ್ನ ಕಡೆ ನೋಡಲೇ ಇಲ್ಲ. ಪೆನ್ಸಿಲು ಎಳೆದುಕೊಂಡ. "ಇರಿ, ಇರಿ! ಮೂರು ಬಿಳಿಯಾದ್ರೆ ಐದರಲ್ಲಿ ಮೂರು, ಆಮೇಲೆ ನಾಲ್ಕರಲ್ಲಿ ಎರಡು... ಹತ್ತರಲ್ಲಿ ಮೂರು! ನೂರಕ್ಕೆ ಮೂವತ್ತು! ನಂಗೆ ಬಂದಿದ್ದು ಇಪ್ಪತ್ತೊಂಬತ್ತು! ಅಣ್ಣ, ನನ್ನ ಲೆಕ್ಕ ಸರೀನೇ ಇತ್ತು!" ಗುಂಡಿ ಕದ್ದ ಕೈಯನ್ನೇ ಹಿಡಿದು ಕುಲುಕಿದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಹಾಗಾದ್ರೆ ನಾಳೆ ಹೋಗ್ತೀಯ?" ಎಂದೆ.

"ಹೋಗ್ದೆ ಇರ್ತೀನಾ? ಜೊತೆಗೇ ಹೋಗೋಣ."

ಗುಂಡಿ ಹೊಲಿಯಲು ಅತ್ತೆ ನನ್ನ ಅಂಗಿ ಬಿಚ್ಚಿಸಿಕೊಂಡರು. ಜೇಬು ಕೊಡವಿದಾಗ ಕಪ್ಪು ಗುಂಡಿ ಬಿತ್ತು. ಅದರ ಹಿಂದೆಯೇ ನಾಲ್ಕಾಗಿ ಮಡಚಿದ ಅರ್ಜಿ. ಹೆಸರೂ ತುಂಬಿರಲಿಲ್ಲ.

ಬರೀ ಬನಿಯನ್ನಿನಲ್ಲಿ ನಿಂತವನು ಇನ್ನೇನು ಬಚ್ಚಿಡಲಿ? ನಾನು ಅರ್ಜಿ ಹಾಕಿರಲೇ ಇಲ್ಲ. ಪುಸ್ತಕದ ಮೊದಲ ಲೆಕ್ಕದಲ್ಲೇ ಸಿಕ್ಕಿಬಿದ್ದಿದ್ದೆ, ಅವನು ನಲವತ್ತನೆಯದಕ್ಕೆ ಹೋಗಿದ್ದ. ಅವನು ಪರೀಕ್ಷೆ ಬಿಟ್ಟರೂ ಆ ಕುರ್ಚಿ ನನಗೆ ಬರುತ್ತಿರಲಿಲ್ಲ. ಅವನಿಗೂ ಬಾರದಿರಲಿ ಅಂತ, ಅಷ್ಟೇ. ಅವನು ಪೆನ್ಸಿಲು ಹಿಡಿದರೆ ಮೆಷಿನ್ನು ನಿಲ್ಲುತ್ತಿತ್ತಲ್ಲ, ಅದನ್ನು ಕೇಳಿಸಿಕೊಳ್ಳಲು ಆಗುತ್ತಿರಲಿಲ್ಲ.

ನಾಣ್ಯ ಚಿಮ್ಮಿದ್ದೂ ಏಳೇ ಸಲ. ಮೂರು ಸಲ ತಲೆ ಬಿತ್ತು. ಏಳನೆಯದು ಬೀರುವಿನ ಕೆಳಗೆ ಉರುಳಿಹೋಯಿತು. ಏನು ಬಿತ್ತೋ, ಇವತ್ತಿಗೂ ಗೊತ್ತಿಲ್ಲ.